ಪೊತೊಫೆ: ತಿಳಿಗೋ, ಮಾಂಸಕ್ಕೋ?

ಫ್ರಾನ್ಸಿನ ಮನೆಯಡುಗೆಯಲ್ಲಿ ಪೊತೊಫೆಗೆ ದೊಡ್ಡ ಮರ್ಯಾದೆಯಿದೆ. ದನದ ಮಾಂಸ, ಮೂಳೆ, ಕ್ಯಾರೆಟ್, ಟರ್ನಿಪ್, ಲೀಕ್, ಲವಂಗ ಚುಚ್ಚಿದ ಈರುಳ್ಳಿ ಇವನ್ನೆಲ್ಲ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಮೊದಲು ತಿಳಿಯನ್ನು ಸೂಪಾಗಿ ಕುಡಿದು, ಆಮೇಲೆ ಮಾಂಸ ತರಕಾರಿಯನ್ನು ಕಲ್ಲುಪ್ಪು, ಸಾಸಿವೆಯೊಂದಿಗೆ ತಿನ್ನುತ್ತಾರೆ. ದೊರೆಗಳ ಔತಣಗಳಿಗೆ ಅಡುಗೆ ಮಾಡಿದ ಕರೇಮ್, 1833ರಲ್ಲಿ ಹೊರಬರತೊಡಗಿದ ತನ್ನ ದೊಡ್ಡ ಗ್ರಂಥವನ್ನು ಈ ಸಾಮಾನ್ಯರ ಮಡಕೆಯಿಂದಲೇ ಶುರುಮಾಡಿದ. ಅದಕ್ಕೂ ಮುನ್ನ, 1825ರಲ್ಲಿ, ಊಟದ ರುಚಿಯ ಬಗ್ಗೆ ಬರೆದ ಬ್ರಿಯಾ-ಸಾವರಾಂ ಇದೇ ಮಡಕೆಯ ಮಾಂಸವನ್ನು ರಸ ಕಳೆದುಕೊಂಡದ್ದೆಂದು ತಳ್ಳಿಹಾಕಿದ್ದ. ಸಾರ ನೀರಿಗಿಳಿದರೆ ಮಾಂಸ ಸಪ್ಪೆ, ಮಾಂಸದಲ್ಲೇ ಉಳಿದರೆ ತಿಳಿ ಸಪ್ಪೆ ಎಂಬ ಈ ತಕರಾರು ಇಂದಿಗೂ ಕೇಳಿಬರುತ್ತದೆ. ಬಹಳಷ್ಟು ಮಡಕೆಗಳ ಮಟ್ಟಿಗೆ ಅದು ನಿಜವೇ. ಆದರೆ ದೋಷ ಈ ಅಡುಗೆಯದಲ್ಲ. ಮಾಂಸದ ಆಯ್ಕೆಯದು, ಅದಕ್ಕಿಂತ ಹೆಚ್ಚಾಗಿ ಎಲ್ಲಕ್ಕೂ ಒಂದೇ ಅವಧಿ ಎಂದುಕೊಳ್ಳುವ ಅಭ್ಯಾಸದ್ದು.

ಈ ತಕರಾರಿಗೆ ವಿಜ್ಞಾನದ ಮುದ್ರೆ ಒತ್ತಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್. ಕುದಿಯುವ ನೀರಿಗೆ ಹಾಕಿದರೆ ಮಾಂಸದ ಹೊರಮೈ ಗಟ್ಟಿಯಾಗಿ ರಸ ಒಳಗೇ ಉಳಿಯುತ್ತದೆ, ತಣ್ಣೀರಿನಲ್ಲಿಟ್ಟರೆ ಹೊರಗಿಳಿಯುತ್ತದೆ ಎಂಬುದು 1847ರ ಹೊತ್ತಿಗೆ ಅವನು ಮುಂದಿಟ್ಟ ವಾದ. ಅಡುಗೆ ಪುಸ್ತಕಗಳು ಅದನ್ನು ನೂರು ವರ್ಷಕ್ಕೂ ಮಿಗಿಲಾಗಿ ನಂಬಿದವು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎರ್ವೆ ತೀಸ್ ಎರಡೂ ಬಗೆಯಲ್ಲಿ ಬೇಯಿಸಿದ ಮಾಂಸವನ್ನು ತೂಗಿ ನೋಡಿದಾಗ, ಗಂಟೆ ಕಳೆಯುವಷ್ಟರಲ್ಲಿ ಎರಡೂ ಒಂದೇ ಅಳತೆಯಲ್ಲಿ ತೂಕ ಕಳೆದುಕೊಂಡಿದ್ದವು. ಹಾಗೆಂದು ತಣ್ಣೀರಿನಿಂದ ಆರಂಭಿಸುವ ಹಳೆಯ ಪದ್ಧತಿ ವ್ಯರ್ಥವಲ್ಲ: ನಿಧಾನವಾಗಿ ಕಾಯುವ ನೀರಿನಲ್ಲಿ ಪ್ರೋಟೀನು ಹೆಪ್ಪುಗಟ್ಟಿ ಬೂದು ನೊರೆಯಾಗಿ ಮೇಲೆ ಬರುತ್ತದೆ, ಸೌಟಿನಿಂದ ತೆಗೆದುಬಿಡಬಹುದು. ಕೊತಕೊತ ಕುದಿಸಿದರೆ ಅದೇ ನೊರೆ ಪುಡಿಯಾಗಿ, ಕೊಬ್ಬೂ ಒಡೆದು ಬೆರೆತು ತಿಳಿ ಮಬ್ಬಾಗುತ್ತದೆ. ಮಾಂಸದ ಹದವನ್ನು ನಿರ್ಧರಿಸುವುದು ಮಾತ್ರ ಅದರ ಭಾಗ. ಬೆನ್ನಿನ ಮೆತ್ತನೆಯ ಮಾಂಸ ಬೆಂದಷ್ಟೂ ನೀರು ಬಿಟ್ಟು ನಾರಾಗುತ್ತದೆ, ಹೋದದ್ದನ್ನು ತುಂಬಿಕೊಡುವಂಥದ್ದು ಅದರಲ್ಲಿ ಏನೂ ಇಲ್ಲ. ಕಾಲಿನ ಮೀನಖಂಡ, ಕೆನ್ನೆ, ಬಾಲ ಹಾಗಲ್ಲ. ಅವೂ ನೀರು ಬಿಡುತ್ತವೆ. ಆದರೆ ಮೂರು ನಾಲ್ಕು ಗಂಟೆಯಲ್ಲಿ ಅವುಗಳ ಕೊಲಾಜೆನ್ ಕರಗಿ ಜೆಲಟಿನ್ ಆಗಿ, ಅರ್ಧ ಎಳೆಗಳಿಗೆ ಮೆತ್ತಿಕೊಂಡು, ಅರ್ಧ ತಿಳಿಗೆ ಇಳಿಯುತ್ತದೆ. ನಮ್ಮಲ್ಲಿ ಕಾಲು ಸೂಪು ಕುಡಿದವರ ತುಟಿ ಅಂಟುವುದೂ ಇದರಿಂದಲೇ. ಇಲ್ಲಿ ತಿಳಿಗೂ ಮಾಂಸಕ್ಕೂ ಜಗಳವೇ ಇಲ್ಲ.

ಜಗಳ ಇರುವುದು ಮಾಂಸಕ್ಕೂ ತರಕಾರಿಗೂ. ಕ್ಯಾರೆಟ್ಟನ್ನು ಹಿಡಿದಿಟ್ಟ ಪೆಕ್ಟಿನ್ ಸುಮಾರು 85 ಡಿಗ್ರಿ ದಾಟಿದ ಮೇಲೆ ಸಡಿಲಾಗತೊಡಗುತ್ತದೆ. ಅದಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ನಲವತ್ತು ನಿಮಿಷ ಸಾಕು. ನಾಲ್ಕು ಗಂಟೆ ಬೆಂದ ಕ್ಯಾರೆಟ್ ಬಣ್ಣವನ್ನಷ್ಟೇ ಉಳಿಸಿಕೊಂಡಿರುತ್ತದೆ, ಸಿಹಿಯೆಲ್ಲ ನೀರಿನ ಪಾಲು. ಹಾಗಾಗಿ ತರಕಾರಿ ಎರಡು ಕಂತಿನಲ್ಲಿ ಬೀಳಬೇಕು: ಮೊದಲನೆಯದು ತಿಳಿಗೆ ರುಚಿ ಕೊಟ್ಟು ಸೋಸಿಹೋಗಲು, ಎರಡನೆಯದು ಕೊನೆಯ ನಲವತ್ತು ನಿಮಿಷ ಬೆಂದು ತಟ್ಟೆಗೆ ಬರಲು. ಇದು ಬಡವರ ಅಡುಗೆ, ತರಕಾರಿ ಬೇಯಿಸಿ ಎಸೆಯುವುದು ಉಳ್ಳವರ ಚಾಳಿ ಎಂಬ ಆಕ್ಷೇಪ ತೂಕದ್ದು. ಆದರೆ ಮೊದಲ ಕಂತಿಗೆ ಒಳ್ಳೆಯ ತರಕಾರಿ ಬೇಕಾಗಿಯೇ ಇಲ್ಲ. ಲೀಕಿನ ಒರಟು ಹಸಿರು ತುದಿ, ಸೆಲರಿ ಎಲೆ, ಪಾರ್ಸ್ಲಿ ದಂಟು, ಬಾಣಲೆಯಲ್ಲಿ ಕಪ್ಪಗೆ ಸುಟ್ಟ ಅರ್ಧ ಈರುಳ್ಳಿ ಸಾಕು. ಹೇಗೂ ಕಸಕ್ಕೆ ಹೋಗುತ್ತಿದ್ದುದರಿಂದ ತಿಳಿಗೆ ಪರಿಮಳವೂ ಹೊಂಬಣ್ಣವೂ ಬರುತ್ತವೆ. ಬೇರೆ ಬೇರೆ ಹೊತ್ತಿಗೆ ಹಾಕಿದರೆ ರುಚಿಗಳು ಬೆರೆಯುವುದಿಲ್ಲ ಎಂಬ ಇನ್ನೊಂದು ಮಾತನ್ನು ಒಪ್ಪಲಾಗದು. ಎರಡನೆಯ ಕಂತು ಬೇಯುವುದೂ ಅದೇ ತಿಳಿಯಲ್ಲಿ, ಅದನ್ನು ಹೀರಿಕೊಂಡೇ. ಹೊರಗಿಡಬೇಕಾದವು ಎರಡೇ: ಪಿಷ್ಟದಿಂದ ತಿಳಿ ಕಲಕುವ ಆಲೂಗಡ್ಡೆ, ಹೊತ್ತು ಮೀರಿದರೆ ಗಂಧಕದ ವಾಸನೆ ಹೊಡೆಯುವ ಎಲೆಕೋಸು.

ಕುಕ್ಕರಿನ ಬಗ್ಗೆ ಶುದ್ಧಾಚಾರಿಗಳಿಗಿರುವ ತಿರಸ್ಕಾರವೂ ಅನಗತ್ಯ. ಅದರೊಳಗಿನ ಸುಮಾರು 120 ಡಿಗ್ರಿಯಲ್ಲಿ ಮೀನಖಂಡ ಒಂದು ಗಂಟೆಯೊಳಗೆ ಹದಕ್ಕೆ ಬರುತ್ತದೆ. ಮುಚ್ಚುವ ಮೊದಲು ನೊರೆ ತೆಗೆದಿರಬೇಕು, ಉರಿ ಸಣ್ಣದಿರಬೇಕು, ಏಕೆಂದರೆ ಸೀಟಿ ಹೊಡೆದಾಗಲೆಲ್ಲ ಒಳಗಿನದು ಭೋರೆಂದು ಕುದಿದು ಕಲಕುತ್ತದೆ. ತಟ್ಟೆಗೆ ಬರುವ ಕ್ಯಾರೆಟ್, ಟರ್ನಿಪ್‌ಗಳು ಆವಿ ಇಳಿದು ಮುಚ್ಚಳ ತೆಗೆದ ಮೇಲೆಯೇ ಒಳಗೆ ಹೋಗಬೇಕು.