ಗಂಧದ ಸಾಬೂನಿನ ಶರಭಲಾಂಛನ: ಒಂದು ವಿಮರ್ಶೆ

ವ್ಯಾಪಾರದ ಸರಕಿನ ಮೇಲಣ ಗುರುತನ್ನು ವಿಮರ್ಶೆಗೆ ಎತ್ತಿಕೊಳ್ಳುವ ವಾಡಿಕೆ ಕನ್ನಡದ ವಿದ್ವಾಂಸರಲ್ಲಿ ಇಲ್ಲ. ಅದು ಅಂಗಡಿಯವರ ಮಾತೆಂದು ಬಿಟ್ಟುಬಿಡುವುದೇ ರೂಢಿ. ಆದರೆ ಗುರುತಿಗೂ ಅರ್ಥಕ್ಕೂ ಇರುವ ಸಂಬಂಧವೆಂತಹುದು ಎಂಬುದು ಶಬ್ದಶಾಸ್ತ್ರದ ಮೊದಲ ಪ್ರಶ್ನೆ. ಮೈಸೂರ್ ಸ್ಯಾಂಡಲ್ ಸಾಬೂನಿನ ಮೇಲಿರುವ ಆನೆಯ ಮೊಗದ ಸಿಂಹವನ್ನು ನೋಡಿದಷ್ಟು ಕಣ್ಣುಗಳು ಯಾವ ಅಲಂಕಾರಗ್ರಂಥದ ಉದಾಹರಣೆಯನ್ನೂ ನೋಡಿರಲಾರವು. ಅದನ್ನು ಶರಭವೆಂದು ಕರೆಯುತ್ತಾರೆ. ಆ ಹೆಸರು ಸಲ್ಲುವುದೆ, ಆ ರೂಪವು ಏನನ್ನು ಧ್ವನಿಸುತ್ತದೆ ಎಂಬುದು ಇಲ್ಲಿ ವಿಚಾರಣೀಯ.

ಮೊದಲನೆಯ ಮಹಾಯುದ್ಧದಿಂದ ಮೈಸೂರಿನ ಗಂಧದ ಮರವು ಯೂರೋಪಿನ ಮಾರುಕಟ್ಟೆಗೆ ಹೋಗದೆ ನಿಂತಾಗ, ೧೯೧೬ರಲ್ಲಿ, ಸಂಸ್ಥಾನದಲ್ಲಿಯೇ ಎಣ್ಣೆಯನ್ನು ಬಟ್ಟಿಯಿಳಿಸುವ ಏರ್ಪಾಡಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಆ ಎಣ್ಣೆಯಿಂದ ಸಾಬೂನು ಮಾಡುವ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತುಬಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸಾಬೂನಿಗೆ ಅಂಡಾಕೃತಿಯನ್ನೂ, ಒಡವೆಯ ಪೆಟ್ಟಿಗೆಯನ್ನು ಹೋಲುವ ಹೂಬಳ್ಳಿಯ ಹೊದಿಕೆಯನ್ನೂ, ಶರಭದ ಗುರುತನ್ನೂ ಕೊಟ್ಟುದು ಅವರ ಕಾಲದಲ್ಲಿಯೇ. ಟ್ರಾಮಿನ ಚೀಟಿಯಿಂದ ಬೆಂಕಿಪೆಟ್ಟಿಗೆಯವರೆಗೆ ಇದರ ಜಾಹೀರಾತು ಹಬ್ಬಿತ್ತೆಂದೂ, ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ನಡೆಸಿದರೆಂದೂ ಹೇಳುತ್ತಾರೆ.

ಹೆಸರಿನ ವಿಚಾರವನ್ನು ಮೊದಲು ನೋಡತಕ್ಕದ್ದು. ಅಮರಕೋಶದ ಸಿಂಹಾದಿವರ್ಗದಲ್ಲಿ ಶರಭವು ಮೃಗಗಳ ಪಟ್ಟಿಯಲ್ಲಿ ಬರುತ್ತದೆ. ಆಕಾರವನ್ನು ಅಮರನು ಹೇಳುವುದಿಲ್ಲ. ಆಕಾರ ದೊರೆಯುವುದು ಮಹಾಭಾರತದ ಶಾಂತಿಪರ್ವದಲ್ಲಿ. ಋಷಿಯೊಬ್ಬನ ಆಶ್ರಮದ ನಾಯಿ ಅವನ ಕೃಪೆಯಿಂದ ಚಿರತೆಯಾಗಿ, ಹುಲಿಯಾಗಿ, ಆನೆಯಾಗಿ, ಸಿಂಹವಾಗಿ, ಕೊನೆಗೆ ಶರಭವಾಗುತ್ತದೆ. ಕೃತಘ್ನತೆಯಿಂದ ಮರಳಿ ನಾಯಿಯಾಗುತ್ತದೆ. ಅಲ್ಲಿ ಶರಭಕ್ಕೆ ಎಂಟು ಕಾಲು. ಆನೆಯೂ ಸಿಂಹವೂ ಅದಕ್ಕಿಂತ ಕೆಳಗಣ ಎರಡು ಮೆಟ್ಟಿಲುಗಳಲ್ಲದೆ ಅದರ ಅಂಗಗಳಲ್ಲ. ಮೇಘದೂತದಲ್ಲಿ ಹಿಮವಂತದ ಶರಭಗಳು ಮೋಡದ ಮೇಲೆಯೇ ನೆಗೆಯಲು ಹೋಗುವಷ್ಟು ಗರ್ವವುಳ್ಳವು. ಶೈವಪುರಾಣಗಳಲ್ಲಿ ನರಸಿಂಹನ ಉಗ್ರತೆಯನ್ನು ಅಡಗಿಸಿದ ಶಿವನ ರೂಪವೇ ಶರಭ. ಅದಕ್ಕೆ ರೆಕ್ಕೆಗಳುಂಟು, ಮತ್ತು ದಾರಾಸುರದ ಚೋಳ ದೇವಾಲಯದಲ್ಲಿ ಅದರ ಶಿಲ್ಪವಿದೆ. ಬೌದ್ಧರ ಜಾತಕಮಾಲೆಯಲ್ಲಾದರೋ ಶರಭವು ಕರುಣೆಯುಳ್ಳ ಒಂದು ಕಾಡುಮೃಗ. ಇಷ್ಟು ಕಡೆಗಳಲ್ಲಿ ಒಂದರಲ್ಲಿಯೂ ಸೊಂಡಿಲಿಲ್ಲ.

ಹಾಗಾದರೆ ಸಾಬೂನಿನ ಮೇಲಿರುವ ಪ್ರಾಣಿ ಯಾವುದು? ಶಿಲ್ಪಿಗಳು ಇದನ್ನು ಬಲ್ಲರು. ಸಿಂಹದ ಮೈಗೆ ಬೇರೆ ಬೇರೆ ಮುಖಗಳನ್ನು ಕೂಡಿಸಿ ವ್ಯಾಲಗಳನ್ನು ಎಣಿಸುವುದು ಅವರ ಸಂಪ್ರದಾಯ. ಆನೆಯ ಮುಖವಿದ್ದರೆ ಅದು ಗಜವ್ಯಾಲ, ಗಜಸಿಂಹವೆಂದೂ ಹೇಳುವುದುಂಟು. ಹಂಪೆಯ ವಿಠ್ಠಲ ದೇವಾಲಯದ ಕಂಬಗಳ ಯಾಳಿಗಳು ಇದೇ ಕುಲಕ್ಕೆ ಸೇರಿದವು. ಮೈಸೂರರಸರ ಲಾಂಛನದಲ್ಲಿ ಗಂಡಭೇರುಂಡದ ಇಕ್ಕೆಲಗಳಲ್ಲಿ ನಿಂತುದೂ, ಈಗಿನ ಕರ್ನಾಟಕ ರಾಜ್ಯದ ಲಾಂಛನದಲ್ಲಿ ಕೆಂಪು ಕೇಸರದೊಡನೆ ನಿಂತಿರುವುದೂ ಇದೇ ಪ್ರಾಣಿ. ಅಲ್ಲಿಯೂ ಅದಕ್ಕೆ ಶರಭವೆಂದೇ ಹೆಸರು. ಆದುದರಿಂದ ಹೆಸರಿನ ಪಲ್ಲಟವನ್ನು ಸಾಬೂನಿನವರೊಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ.

ರೂಢಿಯು ಯೋಗಕ್ಕಿಂತ ಬಲವುಳ್ಳದ್ದೆಂಬುದು ಶಾಸ್ತ್ರಜ್ಞರೆಲ್ಲರ ಮತ. ಕೆಸರಿನಲ್ಲಿ ಹುಟ್ಟಿದುದೆಲ್ಲ ಪಂಕಜವಲ್ಲ, ತಾವರೆಯೊಂದೇ. ಹಾಗೆಯೇ ನೂರು ವರ್ಷಗಳಿಂದ ಜನರು ಈ ರೂಪವನ್ನು ಕಂಡು ಶರಭವೆಂದರೆ, ಕನ್ನಡದಲ್ಲಿ ಆ ಶಬ್ದಕ್ಕೆ ಆ ಅರ್ಥವೂ ಸೇರಿಹೋಯಿತು; ಅದನ್ನು ಅಳಿಸಲು ಯಾವ ಪಂಡಿತನಿಗೂ ಅಧಿಕಾರವಿಲ್ಲ. ಆಕ್ಷೇಪ ಬೇರೆ ಕಡೆಯಿದೆ. ಈಚೆಗೆ ಕೆಲವು ಲೇಖನಗಳಲ್ಲಿಯೂ ಶಾಲೆಯ ಪಾಠಗಳಲ್ಲಿಯೂ ಪುರಾಣೋಕ್ತವಾದ ಶರಭಕ್ಕೆ ಆನೆಯ ತಲೆ, ಸಿಂಹದ ಒಡಲು ಎಂದು ಬರೆಯುತ್ತಿರುವುದು ಕಾಣುತ್ತದೆ. ಇದು ಸಾಬೂನಿನ ಪೆಟ್ಟಿಗೆಯನ್ನು ನೋಡಿ ಪುರಾಣವನ್ನು ತಿದ್ದಿದ ಹಾಗಾಯಿತು. ಇಂತಹ ವಾಕ್ಯವನ್ನು ಓದಿದ ವಿದ್ಯಾರ್ಥಿಯು ನಾಳೆ ಶಾಂತಿಪರ್ವದ ಎಂಟು ಕಾಲುಗಳನ್ನು ಕಂಡು ಲಿಪಿಕಾರನ ತಪ್ಪೆಂದು ಎಣಿಸಿದರೆ ಆಶ್ಚರ್ಯವಿಲ್ಲ. ಹೊಸ ಅರ್ಥವು ಹೊಸದಾಗಿಯೇ ಇರಲಿ. ಅದಕ್ಕೆ ಹಳೆಯ ಗ್ರಂಥದ ಸಾಕ್ಷಿಯನ್ನು ಕಟ್ಟಲಾಗದು.

ಇನ್ನು ರೂಪದ ವಿಚಾರ. ಶರಭವು ಬುದ್ಧಿ, ಧೈರ್ಯ, ಬಲಗಳ ಸಂಕೇತವೆಂಬ ವ್ಯಾಖ್ಯಾನವು ಪ್ರಚಾರದಲ್ಲಿದೆ. ಇದು ವಾಚ್ಯವನ್ನು ಒಡೆದು ಹಂಚಿದ ಬಗೆ: ತಲೆಗೊಂದು ಗುಣ, ಮೈಗೊಂದು ಗುಣ. ಮೈತೊಳೆಯುವ ವಸ್ತುವಿಗೆ ಧೈರ್ಯದಿಂದ ಏನು ಪ್ರಯೋಜನ? ಸಂಸ್ಕೃತ ಕಾವ್ಯಗಳಲ್ಲಿ ಆನೆಗೂ ಸಿಂಹಕ್ಕೂ ಹುಟ್ಟಿನಿಂದ ವೈರ. ಆನೆಯ ಕುಂಭಸ್ಥಳವನ್ನು ಸೀಳುವ ಸಿಂಹವನ್ನು ವರ್ಣಿಸದ ಕವಿಯೇ ವಿರಳ. ಕನ್ನಡನಾಡಿನ ದೇಗುಲಗಳಲ್ಲಿಯೂ ಆನೆಯ ಮೇಲೆರಗುವ ಸಿಂಹದ ಶಿಲ್ಪಗಳು ಹೇರಳವಾಗಿವೆ. ಗಜಸಿಂಹದಲ್ಲಿ ಈ ಇಬ್ಬರು ವೈರಿಗಳು ಒಂದೇ ಒಡಲಾಗಿದ್ದಾರೆ. ಇದು ವಿರೋಧಾಲಂಕಾರದ ಚಿತ್ರರೂಪ. ಆಶ್ರಮವರ್ಣನೆಗಳಲ್ಲಿ ಹುಟ್ಟುವೈರದ ಮೃಗಗಳು ಒಂದೆಡೆ ಮಲಗುವುದರಿಂದ ಯಾವ ಶಾಂತಿ ವ್ಯಕ್ತವಾಗುತ್ತದೆಯೋ ಅದೇ ಇಲ್ಲಿಯೂ ವ್ಯಂಗ್ಯ. ಗಂಧದ ಗುಣವೂ ತಾಪವನ್ನು ಕಳೆದು ತಣಿಸುವುದೇ. ರೂಪಕ್ಕೂ ವಸ್ತುವಿಗೂ ಇಂತಹ ಔಚಿತ್ಯವಿದೆ. ಸಿಂಹವನ್ನು ಕೊಲ್ಲುವ ಮೃಗದ ಹೆಸರಿನಲ್ಲಾದರೋ ರೌದ್ರವಿದೆ. ಈ ರಸವಿರೋಧವೇ ಶರಭವೆಂಬ ಹೆಸರಿನ ಮೇಲಣ ನಿಜವಾದ ಆಕ್ಷೇಪ, ಕಾಲುಗಳ ಎಣಿಕೆಯಲ್ಲ.

ವಾಸನೆಯನ್ನು ಕಣ್ಣಿಗೆ ತೋರಿಸಲು ಯಾವ ಚಿತ್ರಕಾರನಿಂದಲೂ ಆಗದು. ಕವಿಸಮಯವನ್ನು ಬಲ್ಲವನಿಗೆ ಒಡನೆ ತೋರುವ ದಾರಿ ಮಲಯಪರ್ವತ, ಹಾವು ಸುತ್ತಿದ ಮರ. ಚಂದನವು ಮಲಯದಲ್ಲಿ ಮಾತ್ರ ಹುಟ್ಟುತ್ತದೆಂದೂ, ಅದಕ್ಕೆ ಹೂವು ಹಣ್ಣುಗಳನ್ನು ಹೇಳಕೂಡದೆಂದೂ ಕವಿಗಳ ಕಟ್ಟಳೆಯಿದೆಯೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಎಣಿಸುತ್ತಾನೆ. (ಮರವು ಹೂ ಬಿಡುತ್ತದೆ, ಹಣ್ಣನ್ನೂ ಬಿಡುತ್ತದೆ, ಹಕ್ಕಿಗಳು ಅದನ್ನು ಬಲ್ಲವು.) ಶಾಸ್ತ್ರಿಗಳ ಕಾಲದವರು ಈ ದಾರಿಯನ್ನು ಹಿಡಿಯಲಿಲ್ಲ. ಬಚ್ಚಲುಮನೆಯಲ್ಲಿ ಹಾವಿನ ಚಿತ್ರವನ್ನು ಯಾರು ಮೆಚ್ಚುವರು? ಅವರು ಒಡವೆಯ ಪೆಟ್ಟಿಗೆಯನ್ನು ಆರಿಸಿದರು. ಒಳಗಿರುವುದು ಚಿನ್ನದಂತೆ ಬೆಲೆಯುಳ್ಳದ್ದೆಂಬುದು ಹೊದಿಕೆಯಿಂದಲೇ ಲಕ್ಷಿತವಾಗುತ್ತದೆ. ಬಾಯಿಬಿಟ್ಟು ಹೇಳುವ ಅತಿಶಯೋಕ್ತಿ ಬೇಕಾಗಲಿಲ್ಲ.

ಸ್ಯಾಂಡಲ್ ಎಂಬ ಮಾತಿನ ಮೇಲೆ ಕೆಲವರಿಗೆ ಮುನಿಸಿದೆ: ಶ್ರೀಗಂಧವೆಂಬ ಸೊಗಸಾದ ಶಬ್ದವಿರಲು ಇಂಗ್ಲಿಷ್ ಪದವೇಕೆ ಎಂದು. ಆದರೆ ಆ ಪದ ಇಲ್ಲಿಂದಲೇ ಹೋದುದು. ಚಂದನವು ಅರಬರ ಬಾಯಲ್ಲಿ ಸಂದಲವಾಗಿ, ಲ್ಯಾಟಿನ್ ಫ್ರೆಂಚ್‌ಗಳನ್ನು ದಾಟಿ, ಇಂಗ್ಲಿಷಿನ ವೇಷದಲ್ಲಿ ಮೈಸೂರಿಗೆ ಮರಳಿತು. ತವರಿಗೆ ಬಂದ ಮಗಳ ಉಡುಪು ಬದಲಾಗಿದ್ದ ಮಾತ್ರಕ್ಕೆ ಹೊರಗೆ ನಿಲ್ಲಿಸುವುದುಂಟೆ?

ಈ ಗುರುತನ್ನು ಕೇವಲ ಅಲಂಕಾರವೆಂದು ತಿಳಿಯುವುದು ಸರಿಯಲ್ಲ. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದನು. ಒಡೆಯರ ಕಾಲದಲ್ಲಿಯೂ ಅನಂತರವೂ ಮರವು ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದೇ. ಆ ಕಟ್ಟು ಕರ್ನಾಟಕದಲ್ಲಿ ಸಡಿಲವಾದುದು ೨೦೦೧ರ ಅರಣ್ಯ ಕಾನೂನಿನ ತಿದ್ದುಪಡಿಯಿಂದ. ಆದಕಾರಣ ಅರಸರ ಲಾಂಛನದ ಪ್ರಾಣಿಯು ಗಂಧದ ಸರಕಿನ ಮೇಲೆ ನಿಂತುದು ಸ್ವಾಮ್ಯದ ಮುದ್ರೆಯಾಗಿತ್ತು. ವಚನಕಾರರ, ಹರಿದಾಸರ ಅಂಕಿತವಿದ್ದ ಹಾಗೆ ಇದು: ಕೃತಿ ಯಾರದೆಂಬುದನ್ನು ಕೊನೆಯ ಮಾತೊಂದು ಹೇಳಿಬಿಡುತ್ತದೆ. ಅಂಕಿತವಿದ್ದಲ್ಲಿ ಕಳ್ಳ ಅಂಕಿತವೂ ಹುಟ್ಟುತ್ತದೆ. ಬಸವಣ್ಣನವರ ಅಂಕಿತದಲ್ಲಿ ಪ್ರಕ್ಷಿಪ್ತ ವಚನಗಳು ಸೇರಿಕೊಂಡುದನ್ನು ಸಂಪಾದಕರೆಲ್ಲರೂ ಬಲ್ಲರು. ೨೦೦೬ರಲ್ಲಿ ಈ ಸಾಬೂನಿಗೆ ದೊರೆತ ಭೌಗೋಳಿಕ ಸೂಚಿಕೆಯೆಂಬ ರಕ್ಷಣೆಯು ಮೈಸೂರೆಂಬ ಪದವನ್ನು ಹಾಗೆಯೇ ಕಾಯತಕ್ಕದ್ದು.

ಅದೇ ೨೦೦೬ರಲ್ಲಿ ಸಾಬೂನಿಗೆ ಪ್ರಚಾರದ ರಾಯಭಾರಿಯಾಗಿ ಕ್ರಿಕೆಟ್ ಆಟಗಾರ ಧೋನಿಯವರು ಬಂದರು. ೨೦೨೫ರಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ ೬.೨೦ ಕೋಟಿ ರೂಪಾಯಿಗಳಿಗೆ ಗೊತ್ತುಮಾಡಿದಾಗ, ಕನ್ನಡದ ನಟಿಯೇಕಲ್ಲ ಎಂಬ ಕೋಲಾಹಲವೆದ್ದಿತು. ಹೊರನಾಡಿನಲ್ಲಿ ಮಾರಾಟ ಹೆಚ್ಚಬೇಕೆಂಬುದು ಸರ್ಕಾರದ ಸಮಾಧಾನ. ಅದು ಯುಕ್ತವೂ ಇರಬಹುದು. ಆ ವಾದದಲ್ಲಿ ಎರಡು ಪಕ್ಷದವರೂ ಮುಖ ಯಾರದಾಗಬೇಕೆಂದರೇ ಹೊರತು ಮುಖದಿಂದ ಏನು ವ್ಯಕ್ತವಾಗುತ್ತದೆಂದು ಕೇಳಲಿಲ್ಲ. ಪ್ರಸಿದ್ಧರ ಮುಖಕ್ಕೂ ಗಂಧಕ್ಕೂ ಇರುವುದು ಸಂಯೋಗಮಾತ್ರ. ಒಪ್ಪಂದ ಮುಗಿದೊಡನೆ ಅದೇ ಮುಖವು ಬೇರೊಂದು ಸರಕನ್ನು ಹೊಗಳಬಲ್ಲದು. ಗಜಸಿಂಹಕ್ಕೆ ಬೇರೆ ಸರಕನ್ನು ಹೊಗಳುವ ಬಾಯಿಲ್ಲ. ಹೊಸ ಜಾಹೀರಾತುಗಳಲ್ಲಿ ಅದನ್ನು ಮೂಲೆಯಲ್ಲಿ ಕಿರಿದಾಗಿಸಿ ಮುಖವನ್ನು ಹಿರಿದಾಗಿಸುವುದಾದರೆ, ಪದ್ಯವನ್ನು ಉಳಿಸಿ ಅಂಕಿತವನ್ನು ಅಳಿಸಿದ ಲಿಪಿಕಾರನ ಕೆಲಸಕ್ಕೂ ಅದಕ್ಕೂ ಭೇದವು ಬಹಳವಿಲ್ಲ.