ನೆಲ್ಲು ರಾಗಿ ಜಗಳದಲ್ಲಿ ಉಣ್ಣುವವರು ಯಾರು?

ಕೆಲವು ವರ್ಷಗಳ ಹಿಂದೆ ಹಾವೇರಿಯಲ್ಲಿ ಒಂದು ಸಾಹಿತ್ಯ ಸಮಾರಂಭ. ಮಧ್ಯಾಹ್ನ ಊಟದ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಮಾಸ್ತರರು ನಿಂತಿದ್ದರು. ಒಬ್ಬರಿಗೆ ಊಟದ ಮಾತು ಮುಗಿಯುವಂತಿರಲಿಲ್ಲ. "ಗೋಷ್ಠಿ ಹೆಂಗರ ಆಗ್ಲಿ ಬಿಡ್ರಿ, ಬದ್ನೀಕಾಯಿ ಎಣಗಾಯಿ ಮಾತ್ರ ಭಾರಿ ಆಗೈತಿ" ಎನ್ನುತ್ತಿದ್ದರು. ಇನ್ನೊಬ್ಬರಿಗೆ ಈ ಮಾತೇ ಬೇಡವಾಗಿತ್ತು. "ನಮ್ಮ ಮಂದಿ ಉಣ್ಣಾಕ ಬರ್ತಾರ್ರಿ, ಕೇಳಾಕ ಬರಂಗಿಲ್ಲ. ನನಗಂತೂ ಊಟ ಅಂದ್ರ ಹೊಟ್ಟಿ ತುಂಬ್ಸೂದು ಅಷ್ಟ" ಎಂದರು. ನನಗೆ ಎರಡನೆಯವರೇ ದೊಡ್ಡವರೆನಿಸಿದರು. ಓದಿದವರು ಹೀಗಿರಬೇಕು ಎಂದುಕೊಂಡೆ. ಉಂಡು ಕೈತೊಳೆಯಲು ಹೋದಾಗ ಎಂಜಲು ತಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದ ಹೆಂಗಸರಲ್ಲಿ ನಮ್ಮ ಕೇರಿಯ ಚಿಗವ್ವ ಕಂಡಳು. "ಉಂಡೇನ ಚಿಗವ್ವಾ?" ಎಂದೆ. "ಎಲ್ಲಾರದೂ ಆಗ್ಲಿ ತಡಿಯವ್ವಾ" ಎಂದಳು. ಆಕೆಯ ಮಾತಿನಲ್ಲಿ ರಸಿಕತೆಯೂ ಇರಲಿಲ್ಲ, ವೈರಾಗ್ಯವೂ ಇರಲಿಲ್ಲ. ಆ ಇಬ್ಬರು ಮಾಸ್ತರರ ಜಗಳದಲ್ಲಿ ಆಕೆಗೆ ಜಾಗವೇ ಇರಲಿಲ್ಲ.

ಈ ಲೇಖನ ಹುಟ್ಟಿದ್ದು ಅಲ್ಲಿಂದ. ಊಟದ ಬಗ್ಗೆ ನಮ್ಮ ಸಂಸ್ಕೃತಿ ಎರಡು ನಿಲುವುಗಳನ್ನು ಗೌರವಿಸಿಕೊಂಡು ಬಂದಿದೆ. ಒಂದು ರಸಿಕನದು, ಇನ್ನೊಂದು ವಿರಕ್ತನದು. ಇವು ಒಂದಕ್ಕೊಂದು ವಿರುದ್ಧವೆಂದು ಕಾಣುತ್ತವೆ. ಆದರೆ ಎರಡಕ್ಕೂ ಒಂದೇ ಷರತ್ತಿದೆ: ಹೊತ್ತಿಗೆ ಸರಿಯಾಗಿ ಎಲೆಯ ಮೇಲೆ ಅನ್ನ ಬಿದ್ದಿರಬೇಕು. ಎಲೆ ತುಂಬಿದವನು ಮಾತ್ರ ಅದನ್ನು ಹೊಗಳಬಲ್ಲ, ಅವನು ಮಾತ್ರ ಅದನ್ನು ಸರಿಸಿ ದೊಡ್ಡವನಾಗಬಲ್ಲ.

ನಮ್ಮ ಕಾವ್ಯಮೀಮಾಂಸೆಯ ಬೇರು ಅಡುಗೆಮನೆಯಲ್ಲಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತ ರಸವನ್ನು ವಿವರಿಸುವುದು ಊಟದ ಹೋಲಿಕೆಯಿಂದಲೇ. ಬಗೆಬಗೆಯ ವ್ಯಂಜನ ಬೆರೆತ ಅನ್ನವನ್ನು ಉಂಡು ಸಂತೋಷಪಡುವವನ ಹಾಗೆ ಪ್ರೇಕ್ಷಕ ರಸವನ್ನು ಸವಿಯುತ್ತಾನೆ. ರಸ, ರುಚಿ, ಆಸ್ವಾದ ಈ ಮಾತುಗಳನ್ನೆಲ್ಲ ನಾವು ಎಂ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಅನ್ನ ಬೇಯಿಸಿದವರು ಯಾರು, ಎಲೆ ಎತ್ತಿದವರು ಯಾರು ಎಂದು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿಲ್ಲ. ಸಹೃದಯನಿಗೆ ಹೃದಯವಿದೆ, ನಾಲಗೆಯಿದೆ. ಹಸಿವು ಇದ್ದ ಹಾಗೆ ಕಾಣುವುದಿಲ್ಲ.

ಈ ಮೀಮಾಂಸೆಯ ಎದುರು ಒಂದೇ ಒಂದು ಶಬ್ದ ಕನ್ನಡದಲ್ಲಿ ಬೆಂಕಿ ಹಚ್ಚಿತು. 1973ರ ನವೆಂಬರಿನಲ್ಲಿ, ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಇದನ್ನು ಭಾಷಾಭಿಮಾನದ ಪ್ರಶ್ನೆಯೆಂದೇ ಚರ್ಚಿಸುತ್ತ ಬಂದಿದ್ದೇವೆ. ಅದು ಊಟದ ಪ್ರಶ್ನೆಯೂ ಹೌದು. ಬೂಸಾ ದನದ ಮೇವು. ನೀವು ರಸವೆಂದು ಬಡಿಸುತ್ತಿರುವುದು ನಮ್ಮ ಹೊಟ್ಟೆಗೆ ಕಾಳಲ್ಲ, ಹೊಟ್ಟು ಎಂದು ಒಬ್ಬ ದಲಿತ ಹೇಳಿದ್ದ. ರಸಿಕರಿಗೆ ಸಿಟ್ಟು ಬಂದದ್ದು ಸಹಜ. ಪಂಕ್ತಿಯಲ್ಲಿ ಕೂರಿಸದವನು ಅಡುಗೆಯ ರುಚಿಯ ಬಗ್ಗೆ ತೀರ್ಪು ಕೊಟ್ಟರೆ ಇನ್ನೇನಾದೀತು?

ಈಗ ಅನಂತಮೂರ್ತಿಯವರ 'ಸಂಸ್ಕಾರ'ವನ್ನು (1965) ಇದೇ ಕಣ್ಣಿನಿಂದ ನೋಡಬಹುದು. ನಾರಣಪ್ಪ ಉಣ್ಣುವವನು, ಮಾಂಸ ತಿಂದು ಅಗ್ರಹಾರವನ್ನೇ ಅಣಕಿಸುವವನು. ಪ್ರಾಣೇಶಾಚಾರ್ಯರು ನಾಲಗೆಯನ್ನು ಗೆದ್ದವರು. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಊಟವಿಲ್ಲ. ಹಸಿವೇ ಕಥೆಯನ್ನು ತಳ್ಳಿಕೊಂಡು ಹೋಗುತ್ತದೆ. ಕಾಡಿನಲ್ಲಿ ಚಂದ್ರಿ ಕೊಟ್ಟ ಬಾಳೆಹಣ್ಣು ತಿನ್ನುವಾಗ ಆಚಾರ್ಯರಿಗೆ ಹೊಟ್ಟೆಯ ಹಸಿವೂ ಮೈಯ ಹಸಿವೂ ಒಟ್ಟಿಗೆ ಎಚ್ಚರವಾಗುತ್ತವೆ. ಇದು ದೊಡ್ಡ ಕಾದಂಬರಿ, ಅನುಮಾನವಿಲ್ಲ. ಆದರೆ ಗಮನಿಸಿ: ಉಣ್ಣುವವನೂ ಬ್ರಾಹ್ಮಣ, ಉಣ್ಣದವನೂ ಬ್ರಾಹ್ಮಣ. ರಸಿಕ ಮತ್ತು ವಿರಕ್ತರ ಈ ವಾಗ್ವಾದ ಒಂದೇ ಅಗ್ರಹಾರದ ಎರಡು ಜಗಲಿಗಳ ನಡುವಿನದು. ಎರಡು ದಿನ ಊಟ ತಪ್ಪಿದ್ದು ಅಲ್ಲಿ ಧರ್ಮಸಂಕಟವಾಗುತ್ತದೆ. ನಮ್ಮ ಕೇರಿಯಲ್ಲಿ ಅದು ಬರೀ ಎರಡು ದಿನ.

ನಮ್ಮ ಸೀಮೆಗೇ ಬರುತ್ತೇನೆ. ಕನಕದಾಸರು ಇಲ್ಲಿಯವರು. ಹುಟ್ಟಿದ ಬಾಡ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ, ನೆಲೆ ನಿಂತ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಅವರ 'ರಾಮಧಾನ್ಯ ಚರಿತೆ'ಯನ್ನು ಶೂದ್ರ ಪ್ರತಿಭಟನೆಯ ಕಾವ್ಯವೆಂದು ನಾವೆಲ್ಲ ಪಾಠ ಮಾಡುತ್ತೇವೆ. ಲಂಕೆಯಿಂದ ಮರಳುವ ರಾಮನ ಎದುರು ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಜಗಳ ಬರುತ್ತದೆ. ನೆಲ್ಲು ರಾಗಿಯ ಕುಲ ಎತ್ತಿ ಹೀಯಾಳಿಸುತ್ತದೆ. ನರೆದಲೆಗ, ಅಂದರೆ ರಾಗಿ, ನೆಲ್ಲನ್ನು ಉಳ್ಳವರ ಪಕ್ಷಪಾತಿ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ನೆಲ್ಲು ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ರಾಘವನ ಹೆಸರು ಪಡೆದು ಗೆಲ್ಲುತ್ತದೆ.

ಈ ಕಾವ್ಯದ ಧೈರ್ಯದ ಬಗ್ಗೆ ನನಗೆ ಹೆಮ್ಮೆಯಿದೆ. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ರಾಗಿ ಗೆದ್ದದ್ದು ಯಾವ ಪರೀಕ್ಷೆಯಲ್ಲಿ? ರುಚಿಯ ಪರೀಕ್ಷೆಯಲ್ಲಲ್ಲ. ಕತ್ತಲೆಕೋಣೆಯಲ್ಲಿ ಆರು ತಿಂಗಳು ಕೊಳೆಯದೆ ಉಳಿಯುವ ಪರೀಕ್ಷೆಯಲ್ಲಿ. ಮೇಲಿನ ಧಾನ್ಯದ ಹಿರಿಮೆ ಮೊದಲೇ ಒಪ್ಪಿತವಾಗಿದೆ. ಕೆಳಗಿನ ಧಾನ್ಯ ಜೈಲು ಅನುಭವಿಸಿ ಪ್ರಮಾಣಪತ್ರ ತರಬೇಕು. ದಲಿತ ಸಾಹಿತ್ಯಕ್ಕೆ ಕನ್ನಡ ವಿಮರ್ಶೆ ಇಟ್ಟ ಪರೀಕ್ಷೆಯೂ ಇದೇ ಅಲ್ಲವೇ? ಎಷ್ಟು ನೋವು ತಿಂದಿದ್ದಾನೆ, ಎಷ್ಟು ದಿನ ಉಪವಾಸವಿದ್ದ, ಎಷ್ಟು ತಾಳಿಕೊಂಡ ಎಂದು ಅಳೆದು 'ಅಧಿಕೃತ' ಎಂಬ ಮುದ್ರೆ ಒತ್ತುತ್ತಾರೆ. ಬರವಣಿಗೆ ರುಚಿಯಾಗಿದೆಯೋ ಇಲ್ಲವೋ ಎಂಬ ಮಾತು ಅಲ್ಲಿಗೆ ಬರುವುದೇ ಇಲ್ಲ. ಆ ಶಬ್ದವನ್ನು ಬೇರೆಯವರಿಗಾಗಿ ಕಾದಿರಿಸಲಾಗಿದೆ.

ದೇವನೂರ ಮಹಾದೇವರ 'ಒಡಲಾಳ'ವನ್ನು ಓದುವ ರೀತಿಯಲ್ಲಿಯೂ ಇದೇ ತಪ್ಪಾಗಿದೆ. ಸಾಕವ್ವನ ಮನೆಯವರು ರಾತ್ರಿಯೆಲ್ಲ ಕೂತು ಕದ್ದು ತಂದ ಕಡಲೆಕಾಯಿ ತಿಂದು ಮುಗಿಸುವ ಭಾಗವನ್ನು ಹಸಿವಿನ ಚಿತ್ರಣವೆಂದು ಗೈಡುಗಳೆಲ್ಲ ಬರೆಯುತ್ತವೆ. ನಾನೂ ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಪಡೆದಿದ್ದೇನೆ. ಇತ್ತೀಚೆಗೆ ಪಾಠಕ್ಕಾಗಿ ಮತ್ತೆ ಓದಿದಾಗ ಬೇರೆಯೇ ಕಂಡಿತು. ಅದು ಹಬ್ಬ. ಮಕ್ಕಳು, ದೊಡ್ಡವರು, ಮಾತು, ನಗು ಎಲ್ಲ ಸೇರಿದ ಔತಣ. ಬೆಳಗಾದರೆ ಪೋಲೀಸರು ಬರುತ್ತಾರೆ, ನಿಜ. ಆದರೆ ಆ ರಾತ್ರಿ ಅವರು ಹಸಿದವರಷ್ಟೇ ಅಲ್ಲ, ಸವಿಯುವವರೂ ಹೌದು. ಹಸಿವನ್ನು ಮಾತ್ರ ನೋಡುವ ವಿಮರ್ಶೆ ಮರುಕಪಡುತ್ತದೆ. ಸವಿಯನ್ನು ನೋಡಬೇಕಾದರೆ ಜೊತೆಗೆ ಕೂರಬೇಕಾಗುತ್ತದೆ.

ಮರಾಠಿಯಲ್ಲಿ ಶಾಹು ಪಾಟೋಳೆ 2015ರಲ್ಲಿ 'ಅನ್ನ ಹೇ ಅಪೂರ್ಣಬ್ರಹ್ಮ' ಎಂಬ ಪುಸ್ತಕ ತಂದರು. ಮರಾಠವಾಡದ ಮಹಾರ, ಮಾಂಗ ಮನೆಗಳ ಅಡುಗೆಯನ್ನು ಮಾಡುವ ವಿಧಾನದ ಸಮೇತ ಅದರಲ್ಲಿ ಬರೆದರು. 2024ರಲ್ಲಿ ಅದು ಇಂಗ್ಲಿಷಿಗೂ ಬಂತು. ಅನ್ನ ಪೂರ್ಣಬ್ರಹ್ಮ ಎಂಬ ಶ್ಲೋಕದ ಮಾತಿಗೆ ಒಂದು 'ಅ' ಸೇರಿಸಿ ಅವರು ಮಾಡಿದ ವಿಮರ್ಶೆ ನಮ್ಮ ಎಷ್ಟೋ ಪ್ರಬಂಧಗಳಿಗಿಂತ ದೊಡ್ಡದು.

ಇಲ್ಲಿ ನಮ್ಮ ಮನೆಯ ಮಾತು ಹೇಳಬೇಕು. ನಮ್ಮಜ್ಜಿ ಉಣ್ಣುವುದರಲ್ಲಿ ಜೀವ ಇಟ್ಟವಳು. ಯಾರ ಮನೆಯ ಸಾರಿಗೆ ಉಪ್ಪು ಕಡಿಮೆ, ಯಾರ ಕೈಯಲ್ಲಿ ರೊಟ್ಟಿ ಉಬ್ಬುತ್ತದೆ ಎಲ್ಲ ಆಕೆಗೆ ಗೊತ್ತಿತ್ತು. ಜೋಳದ ನಾಡಿನಲ್ಲಿ ಬಡವರಿಗೆ ನೆಲ್ಲಕ್ಕಿ ಅನ್ನ ಎಂದರೆ ಹಬ್ಬದ ದಿನದ ಮಾತು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದು ಕಿಲೋಗೆ ಒಂದು ರೂಪಾಯಿಯ ಅಕ್ಕಿ ಮನೆಗೆ ಬಂದಾಗ ಆಕೆ ದಿನಾ ಅನ್ನ ಮಾಡಿಸಿಕೊಂಡು ಉಂಡಳು. ಹತ್ತು ವರ್ಷಕ್ಕೆ, 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದಿತು. ರಾಗಿ, ಜೋಳ, ನವಣೆ ಪೇಟೆಯ ಅಂಗಡಿಗಳ ಗಾಜಿನ ಡಬ್ಬಿ ಸೇರಿದವು. ಕನಕದಾಸರ ಜಗಳ ತಿರುಗಾಮುರುಗಾ ಆಯಿತು. ಈಗ ರಾಗಿ ಉಳ್ಳವರ ಕಡೆ, ಅಕ್ಕಿ ರೇಶನ್ ಅಂಗಡಿಯ ಸಾಲಿನಲ್ಲಿ. ಬದಲಾಗದ್ದು ಒಂದೇ. ಆಗಲೂ ಈಗಲೂ ಯಾವುದು ಶ್ರೇಷ್ಠವೆಂದು ಹೇಳುವವರು ನಾವಲ್ಲ. ಮುಂಚೆ ಜೋಳ ತಿನ್ನುವವರೆಂದು ಕೀಳಾಗಿ ಕಂಡರು, ಈಗ ಅಕ್ಕಿ ತಿಂದು ಆರೋಗ್ಯ ಕೆಡಿಸಿಕೊಂಡವರೆಂದು ಬುದ್ಧಿ ಹೇಳುತ್ತಾರೆ.

ಅಜ್ಜ ಅಜ್ಜಿಗೆ ತೀರಾ ಉಲ್ಟಾ. ತಟ್ಟೆಗೆ ಏನು ಬಿತ್ತೆಂದು ನೋಡುತ್ತಿರಲಿಲ್ಲ. ಬಹಳ ವರ್ಷ ನಾನು ಇದನ್ನು ಸಾಧುಗುಣ ಎಂದುಕೊಂಡಿದ್ದೆ. ಒಮ್ಮೆ ಕೇಳಿದಾಗ ಹೇಳಿದ: "ಸಣ್ಣಾವಿದ್ದಾಗ ಊರಾಗ ದನ ಸತ್ರ ನಮಗ ಹಬ್ಬ ಇತ್ತವಾ. ಅದನ್ನ ಬಿಡಬೇಕು ಅಂತ ಕೇರ್‍ಯಾಗ ಎಲ್ಲಾರೂ ಕೂಡಿ ಆಣಿ ಮಾಡಿದ್ವಿ. ಬಿಟ್ಟ ಮ್ಯಾಲ ನಾಲಗಿ ಮಾತು ಕೇಳೂದ ಬಿಟ್ಟೆ." 1927ರ ಮಾರ್ಚಿನಲ್ಲಿ ಮಹಾಡದ ಸಮಾವೇಶದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಮತ್ತು ಎಂಜಲು ಬಿಡಲು ಕರೆಕೊಟ್ಟಿದ್ದರು. ಅದು ಎಷ್ಟು ದಾರಿ ಸುತ್ತಿ ನಮ್ಮ ಕೇರಿಗೆ ಬಂತೋ. ಗಾಂಧೀಜಿಯ ಆಶ್ರಮದ ಅಸ್ವಾದ ವ್ರತವೂ ನಾಲಗೆಯನ್ನು ಕಟ್ಟುವುದೇ. ಆದರೆ ಎರಡೂ ಒಂದಲ್ಲ. ವ್ರತ ಹಿಡಿದವನು ತನ್ನ ಪಾಲಿನ ಒಳ್ಳೆಯ ಊಟವನ್ನು ಬಿಡುತ್ತಾನೆ. ಅಜ್ಜ ಬಿಟ್ಟದ್ದು ಊರು ತನ್ನ ಮೇಲೆ ಹೇರಿದ ಊಟವನ್ನು. ಮೊದಲಿನದು ಆತ್ಮಶುದ್ಧಿ, ಇದು ಮುಷ್ಕರ.

ಹಾಗಾಗಿ ನಮ್ಮವರಿಗೂ ಒಂದು ಮಾತು ಹೇಳಬೇಕು. 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಮುಂಚೆ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ಸೇರಿಸಿದ್ದರು. ಅದನ್ನು ವಿರೋಧಿಸಿ ಬಾಡೂಟ ಕೇಳಿದ ಗೆಳೆಯರ ಜೊತೆ ನಾನಿದ್ದೇನೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ಎದ್ದು ನಿಂತರು, ಆಗ ಮೊಟ್ಟೆಯ ಪರ ಮಾತಾಡಿದವರ ಜೊತೆಯೂ ಇದ್ದೇನೆ. ಆದರೆ ಬಾಡು ಉಣ್ಣುವವನೇ ನಿಜವಾದ ದಲಿತ, ಬಿಟ್ಟವನು ಬ್ರಾಹ್ಮಣ್ಯಕ್ಕೆ ಸೋತವನು ಎಂಬ ಮಾತನ್ನು ನಮ್ಮ ಸಭೆಗಳಲ್ಲಿಯೂ ಕೇಳಿದ್ದೇನೆ. ಆಗೆಲ್ಲ ಅಜ್ಜ ನೆನಪಾಗುತ್ತಾನೆ. ಅಂಬೇಡ್ಕರರು 1948ರ ಅಸ್ಪೃಶ್ಯರ ಕುರಿತ ಗ್ರಂಥದಲ್ಲಿ ಗೋಮಾಂಸವನ್ನೂ ಅಸ್ಪೃಶ್ಯತೆಯ ಮೂಲವನ್ನೂ ಜೋಡಿಸಿ ನೋಡಿದ್ದು ನಮ್ಮ ನಾಲಗೆಯನ್ನು ನಾಚಿಸಲಿಕ್ಕಲ್ಲ, ಅದಕ್ಕೆ ಇನ್ನೊಂದು ಕಟ್ಟಳೆ ಹಾಕಲಿಕ್ಕೂ ಅಲ್ಲ. ಅಜ್ಜಿಯ ಆಸೆ ಮತ್ತು ಅಜ್ಜನ ನಿರಾಕರಣೆ ಎರಡಕ್ಕೂ ನಮ್ಮ ವಿಮರ್ಶೆಯಲ್ಲಿ ಜಾಗವಿರಬೇಕು.

ಜಾಗ ಇರಬಾರದ್ದು ಮೂರನೆಯದೊಂದಿದೆ. ನಾನು ರಾಣೆಬೆನ್ನೂರಿನಲ್ಲಿ ಪಾಠ ಮಾಡುತ್ತೇನೆ. ಒಮ್ಮೆ ಬಿ.ಎ. ಮಕ್ಕಳಿಗೆ ನಿಮಗೆ ಇಷ್ಟವಾದ ಅಡುಗೆಯ ಬಗ್ಗೆ ಬರೆಯಿರಿ ಎಂದೆ. ಹೋಳಿಗೆ, ಗಿರಮಿಟ್ಟು, ಮಂಡಕ್ಕಿ ಮಿರ್ಚಿ ಎಲ್ಲ ಬಂದವು. ನಮ್ಮ ಕೇರಿಗಳ ಮಕ್ಕಳು ಬರೆದದ್ದು ಬೇರೆ. ನಾಲ್ಕಾರು ಹಾಳೆಗಳಲ್ಲಿ ಒಂದೇ ಸಾಲು: ನನಗೆ ಊಟದಲ್ಲಿ ಅಷ್ಟು ಆಸಕ್ತಿ ಇಲ್ಲ. ಅವರಲ್ಲೊಬ್ಬಳು ತರಗತಿ ಮುಗಿದ ಮೇಲೆ ಬಂದು ನಿಂತಳು. "ಮೇಡಂ, ನಮ್ಮವ್ವ ಒಣಖಂಡದ ಸಾರು ಮಾಡ್ತಾಳ್ರಿ, ಅದರಂಥಾದ್ದು ಎಲ್ಲೂ ಇಲ್ಲ. ಅದನ್ನ ಹೆಂಗ ಬರಿಯೂದ್ರಿ?" ನನಗೆ ಮಾತು ಹೊರಡಲಿಲ್ಲ. ಹಾಸ್ಟೆಲಿನಲ್ಲಿದ್ದಾಗ ನಾನೂ ಇದೇ ಸಾಲನ್ನು ಹೇಳಿಕೊಂಡು ಐದು ವರ್ಷ ಕಳೆದವಳು. ಅದು ಅಜ್ಜನ ನಿರಾಸಕ್ತಿಯಲ್ಲ. ಬಯಲಾಗುವ ಭಯ. ಊಟದ ಸಾಲಿನ ಎರಡನೆಯ ಮಾಸ್ತರರು ನನಗೆ ದೊಡ್ಡವರೆನಿಸಿದ್ದು ಯಾಕೆಂದು ಆವತ್ತು ತಿಳಿಯಿತು. ಅವರ ವೈರಾಗ್ಯದ ಮರೆಯಲ್ಲಿ ನಾನು ನನ್ನ ನಾಚಿಕೆಯನ್ನು ಬಚ್ಚಿಟ್ಟುಕೊಂಡಿದ್ದೆ.

ನಮ್ಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಪಡೆದ ಕಾಯಿ ಅದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಅಡುಗೆಯವರೆಲ್ಲ ಹೊಗಳುತ್ತಾರೆ. ಅದರ ಬಣ್ಣ ತುಟಿಗೆ ಹಚ್ಚುವ ಸಾಮಾನಿಗೂ ಹೋಗುತ್ತದೆ. ಖಾರ ಕಡಿಮೆ ಎಂಬುದು ತಿನ್ನುವ ಬಾಯಿಯ ಲೆಕ್ಕ. ಇಡೀ ದಿನ ಬಿಡಿಸಿದ ಕೈಯ ಲೆಕ್ಕ ಬೇರೆ. ಸಂಜೆ ಅವ್ವ ಉರಿಯುವ ಕೈಯನ್ನು ನೀರಿನಲ್ಲಿಟ್ಟು ಕೂರುತ್ತಿದ್ದಳು. "ನೀವು ಉಣ್ರಿ, ನನಗ ಹಸಿವಿಲ್ಲ" ಎನ್ನುತ್ತಿದ್ದಳು. ನಾವು ಅದನ್ನು ನಂಬಿ ಉಂಡೆವು. ರುಚಿಯ ಬಗ್ಗೆ ಬರೆಯುವ ವಿಮರ್ಶೆ ಆ ಕೈಯ ಲೆಕ್ಕವನ್ನೂ ಇಡಬೇಕು. ಹಸಿವಿಲ್ಲ ಎಂದವರ ಮಾತನ್ನು ಹಾಗೆಯೇ ನಂಬಬಾರದು. ನಾನು ದಲಿತ ವಿಮರ್ಶೆಯಿಂದ ಕೇಳುವುದು ಇಷ್ಟೇ.

ಆ ಹುಡುಗಿ ಇನ್ನೂ ಬರೆದುಕೊಟ್ಟಿಲ್ಲ. ನಾನೂ ಒತ್ತಾಯ ಮಾಡಿಲ್ಲ. ಟೀಚರೇ ಬಚ್ಚಿಟ್ಟುಕೊಂಡು ಮಕ್ಕಳಿಗೆ ಬಿಚ್ಚಿ ಬರೆಯಿರಿ ಎನ್ನುವುದು ಸರಿಯಲ್ಲ. ಅದಕ್ಕೇ ಮೊದಲು ನನ್ನ ಹಾಳೆ ಕೊಡುತ್ತಿದ್ದೇನೆ. ನನಗೆ ಊಟದಲ್ಲಿ ಆಸಕ್ತಿ ಇದೆ. ಅಜ್ಜಿ ಮಾಡುತ್ತಿದ್ದ ಒಣಖಂಡದ ಸಾರು ನನಗೆ ಇಷ್ಟ.