ಉಸಿರು, ಉಸುರು, ಉಯಿರ್

ಕೊಚ್ಚಿ, ತಿರುವನಂತಪುರಗಳ ನಮ್ಮ ಮನೆಗಳಲ್ಲಿ ಮಕ್ಕಳ ಬಾಯಲ್ಲಿ ‘ಶ್ವಾಸ ಮುಟ್ಟುತ್ತದೆ’ ಎಂಬ ಮಾತು ಕೇಳಿಬರುವುದುಂಟು. ಮಲಯಾಳದಲ್ಲಿ ‘ಮುಟ್ಟು’ ಎಂದರೆ ತಡೆಯಾಗು. ಕನ್ನಡದಲ್ಲಾದರೋ ಸೋಕು, ತಲಪು. ಇಲ್ಲಿಯ ವೈದ್ಯರಿಗೆ ಥಟ್ಟನೆ ತಿಳಿಯುವ ಈ ದೂರು ಊರಿನಿಂದ ಬಂದ ಅಜ್ಜಿಗೆ ತಿಳಿಯದು. ಉಸಿರು ಕಟ್ಟಿದ ಮಗುವಿನ ಮುಂದೆ ಕುಳಿತು ಮಾತಿನ ಅರ್ಥ ಹುಡುಕುವ ಪಾಡು ಯಾರಿಗೂ ಬರಬಾರದು. ಆದಕಾರಣ ‘ಉಸಿರು’ ಎಂಬ ಪದದ ವಿಮರ್ಶೆ ಕೇವಲ ಪಂಡಿತರ ಕಾಲಹರಣವಲ್ಲ.

‘ಉಸಿರು’ ಸಂಸ್ಕೃತದ ‘ಉಚ್ಛ್ವಾಸ’ದಿಂದ ಬಂದಿರಬೇಕೆಂದು ತೋರುವುದು ಸಹಜ. ಆದರೆ ಎರಡು ಪದ ಹೋಲುತ್ತವೆ ಎಂಬಷ್ಟಕ್ಕೇ ಅವುಗಳ ಹುಟ್ಟು ನಿರ್ಧಾರವಾಗದು. ಹೋಲಿಕೆಗೆ ಒಂದು ಕ್ರಮ ಬೇಕು. ಆ ಕ್ರಮ ನಮ್ಮ ಸುತ್ತಲೇ ಇದೆ. ಕನ್ನಡದ ‘ಹೆಸರು’ ತಮಿಳಿನಲ್ಲಿ ‘ಪೆಯರ್’. ಮಲಯಾಳದಲ್ಲಿ ಅದು ಕುಗ್ಗಿ ‘ಪೇರ್’ ಆಯಿತು. ಹೊಟ್ಟೆ ಎಂಬ ಹಳೆಯ ಅರ್ಥದ ‘ಬಸಿರು’ ಮಲಯಾಳದಲ್ಲಿ ‘ವಯರ್’. ನಮ್ಮ ಸಕಾರವಿದ್ದಲ್ಲಿ ಅವರದು ಯಕಾರ. ಹಾಗೆಯೇ ನಮ್ಮ ‘ಉಸಿರು’ ಅವರ ‘ಉಯಿರ್’. ತುಳುವಿನ ‘ಉಸುಲು’, ತೆಲುಗಿನ ‘ಉಸುರು’ ಕೂಡ ಇದೇ ಮನೆತನದವು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ (1961, ಎರಡನೆಯ ಆವೃತ್ತಿ 1984) ಇವನ್ನು ಒಂದೇ ಮೂಲದ ಕೆಳಗೆ ಇಟ್ಟಿದೆ.

ಮೂಲ ಒಂದಾದರೂ ಅರ್ಥಗಳು ಬೇರೆ ಬೇರೆ ದಾರಿ ಹಿಡಿದವು. ಮಲಯಾಳದ ‘ಉಯಿರ್’ ಎಂದರೆ ಜೀವ. ಈಸ್ಟರ್ ಹಬ್ಬದ ಭಾನುವಾರವನ್ನು ಇಲ್ಲಿಯ ಕ್ರೈಸ್ತರು ‘ಉಯಿರ್ಪ್ಪು ಞಾಯರ್’ ಎನ್ನುವುದು ಮರಳಿ ಜೀವ ತಳೆದ ಅರ್ಥದಲ್ಲಿಯೇ. ಕನ್ನಡವಾದರೋ ಉಸಿರಿಗೆ ಮಾತನ್ನು ಕೂಡಿಸಿತು. ಹಳಗನ್ನಡದ ‘ಉಸಿರ್’ ಎಂಬ ಕ್ರಿಯಾಪದಕ್ಕೆ ಉಸಿರಾಡು, ಹೇಳು ಎಂಬ ಎರಡೂ ಅರ್ಥಗಳುಂಟು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟಿನಲ್ಲಿ ಇವೆರಡನ್ನೂ ಕಾಣಬಹುದು. ‘ಕಿವಿಯಲ್ಲಿ ಉಸುರಿದ’ ಎನ್ನುವಾಗ ಬರುವ ‘ಉಸುರು’ ಬೇರೆ ಪದವಲ್ಲ, ಇದರದೇ ರೂಪ. ‘ಉಸಿರೆತ್ತಬೇಡ’ ಎಂದು ಗದರುವ ತಾಯಿ ಮಾತು ನಿಲ್ಲಿಸು ಎನ್ನುತ್ತಾಳೆಯೇ ಹೊರತು ಉಸಿರಾಟ ನಿಲ್ಲಿಸು ಎನ್ನುವುದಿಲ್ಲವಷ್ಟೆ. ಇನ್ನು ‘ಉಸಿರಾಡು’ವಿನ ‘ಆಡು’ ತೂಗಾಡು, ಅಲ್ಲಾಡುಗಳಲ್ಲಿರುವ ಆಡು. ಒಳಕ್ಕೂ ಹೊರಕ್ಕೂ ಚಲಿಸುವ ಗಾಳಿಗೆ ಅದು ಎಷ್ಟು ಒಪ್ಪುತ್ತದೆ!

‘ಶ್ವಾಸ’ ಬೇಡವೆಂದಲ್ಲ. ಶ್ವಾಸಕೋಶ, ಶ್ವಾಸನಾಳಗಳಲ್ಲಿ ಅದು ನಮ್ಮದೇ ಆಗಿದೆ. ಆದರೆ ದುಃಖದ ನಿಟ್ಟುಸಿರು, ಓಡಿ ಬಂದವನ ಏದುಸಿರು, ಹೊಗೆಯಲ್ಲಿ ಸಿಕ್ಕವನ ಉಸಿರುಗಟ್ಟುವಿಕೆ, ಈ ಮೂರೂ ಬೇರೆ ಬೇರೆ ಅವಸ್ಥೆಗಳು. ಎಲ್ಲಕ್ಕೂ ‘ಶ್ವಾಸ’ ಒಂದೇ ಸಾಕೆಂದರೆ ಈ ವ್ಯತ್ಯಾಸಗಳನ್ನು ಹೇಳುವ ಶಕ್ತಿಯೇ ಕುಂದುತ್ತದೆ.

ನಮ್ಮ ಮಕ್ಕಳು ಮಲಯಾಳವನ್ನು ಚೆನ್ನಾಗಿಯೇ ಕಲಿಯಲಿ. ‘ಉಯಿರ್’ ಕೇಳಿದಾಗ ಅದು ‘ಉಸಿರಿ’ನ ದಾಯಾದಿಯೆಂದು ಅವರಿಗೆ ತಿಳಿಸಿಕೊಡೋಣ. ಹಾಗೆಯೇ ಎದೆ ಬಿಗಿದಾಗ ‘ಉಸಿರು ಕಟ್ಟುತ್ತಿದೆ’ ಎಂದು ಅಜ್ಜಿಗೆ ಹೇಳುವಷ್ಟು ಕನ್ನಡವನ್ನೂ ಮನೆಯಲ್ಲಿ ಉಳಿಸಿಕೊಡೋಣ.